ಕಡ ಕೊಟ್ಟ ಬೀಜ

ಎಳ್ಳಮಾವಾಸ್ಯೆಯ ಮುಂಜಾನೆ. ದುಬಲಗುಂಡಿಯ ಹೊಲಗಳಲ್ಲಿ ಜೋಳ ತೆನೆ ಹಿರಿದು ನಿಂತಿತ್ತು. ಯಶೋದಾಬಾಯಿ ಒಲೆಯ ಮುಂದೆ ಕೂತು ಅವರೆ, ತೊಗರಿ, ಹಸಿ ಕಡಲೆ ಹಾಕಿ ಹಬ್ಬದ ಪಲ್ಯ, ಭಜ್ಜಿ ಬೇಯಿಸುತ್ತಿದ್ದಳು. ಹೊಲದ ಪೂಜೆಗೆ ಎಡೆ ಒಯ್ಯುವ ಗಡಿಗೆಯನ್ನು ಎರಡು ವರ್ಷದ ಮೇಲೆ ಅಟ್ಟದಿಂದ ಇಳಿಸಿದ್ದಳು.

ಇದ್ದದ್ದು ಆರು ಎಕರೆ ಹೊಲ. ಗಂಡ ಸತ್ತಮೇಲೆ ಅದನ್ನು ಊರಿನ ರೈತ ಉತ್ತಮನಿಗೆ ಅರ್ಧ ಪಾಲಿಗೆ ಕೊಟ್ಟಿದ್ದಳು. ಉಳುವವನಿಗೇ ಭೂಮಿ ಎಂಬ ಕಾಯ್ದೆ ಬಂದಾಗ ಉತ್ತಮ ಅರ್ಜಿ ಹಾಕಿದ. ಹುಮನಾಬಾದಿನ ಭೂನ್ಯಾಯಮಂಡಳಿ ಹೊಲವನ್ನು ಅವನ ಹೆಸರಿಗೆ ಮಾಡಿತು. ವಿಧವೆಯೆಂದು ವಿನಾಯಿತಿ ಸಿಗಲಿಲ್ಲ. ಬಸವಕಲ್ಯಾಣದಲ್ಲಿದ್ದ ತಮ್ಮ ಕಾಶಿರಾಮ ಬಂದು ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು ಬೆಂಗಳೂರಿನ ಹೈಕೋರ್ಟಿಗೆ ಹೋದ. ಇವಳ ಮಾತು ಕೇಳದೆ ಕೊಟ್ಟ ತೀರ್ಪು ನಿಲ್ಲದು, ಹೊಸದಾಗಿ ವಿಚಾರಿಸಿ ಎಂದು ಕೋರ್ಟು ಹಿಂದಕ್ಕೆ ಕಳಿಸಿತು. ಆ ವಿಚಾರಣೆ ನಾಳೆ.

"ಅಕ್ಕಾ, ವಕೀಲರ ಮಾತು ನೆನಪದ ಏನು?" ಕಾಶಿರಾಮ ಬಾಗಿಲಲ್ಲಿ ನಿಂತು ಕೇಳಿದ. "ಉತ್ತಮ ಪಾಲಿನಾಂವ ಅಲ್ಲ, ವರ್ಷದ ಆಳು. ಅಷ್ಟೇ ಅನ್ನು, ಆಳಿಗೆ ಆ ಕಾಯ್ದೆ ಹತ್ತಂಗಿಲ್ಲ. ಇವತ್ತು ಪೂಜಿ ನೀನೇ ಮಾಡು. ಹೊಲ ಯಾರದಂತ ನಾಕು ಮಂದಿ ನೋಡಲಿ."

"ದೇವರಿಗೂ ಕೋರ್ಟಿನ ಕಟಕಟಿ ಹತ್ತಸಾಕತ್ತೀ ಏನೋ?"

"ಹೊಲ ಹೋದರ ಏನು ಉಣ್ಣತಿ, ಅದು ಹೇಳು."

ಅವಳು ಒಲೆಯ ಬೆಂಕಿ ಆರಿಸಿದಳು. ಗಡಿಗೆ ತಲೆಯ ಮೇಲಿಟ್ಟುಕೊಂಡು ನಡೆದಳು.

ಹೊಲದ ನಡುವೆ ಉತ್ತಮ ಪೂಜೆಗೆಂದು ಜೋಳದ ದಂಟಿನ ಪುಟ್ಟ ಗುಡಿಸಲು, ಕೊಂಪಿ, ಕಟ್ಟಿದ್ದ. ಒಳಗೆ ಪಾಂಡವರೆಂದು ಪೂಜಿಸುವ, ಸುಣ್ಣ ಬಳಿದ ಐದು ಕಲ್ಲು. ಅವನ ಹೆಂಡತಿ ಮುಕ್ತಾಬಾಯಿ ನೆಲ ಸಾರಿಸಿದ್ದಳು. ಕಲ್ಲಿಗೆ ಕುಂಕುಮವಿರಲಿಲ್ಲ.

"ಹೋದ ಎರಡು ವರ್ಷ ಪೂಜಿ ಯಾರು ಮಾಡಿದ್ರು?" ಯಶೋದಾಬಾಯಿ ಕೇಳಿದಳು.

"ಯಾರೂ ಇಲ್ರಿ ಅವ್ವಾ. ಬರೀ ನೀರು ಹಾಕಿ ಹೋಗೀವಿ," ಎಂದಳು ಮುಕ್ತಾಬಾಯಿ. "ಕೇಸು ನಮ್ಮ ನಮ್ಮದು. ಪಾಂಡವರು ಏನು ಮಾಡ್ಯಾರ, ಪಾಪ?"

ಯಶೋದಾಬಾಯಿಯ ತುಟಿ ಸಡಿಲವಾಯಿತು. ಕುಂಕುಮ ಹಚ್ಚಿ ಎಡೆ ಇಟ್ಟಳು. ಬದುವಿನ ಮೇಲೆ ಕಾಶಿರಾಮ ಕರೆತಂದ ಸಾಕ್ಷಿಗಳು ನಿಂತು ನೋಡಿದರು. ಎದ್ದು ನಿಂತು ಅವಳು ಒಂದು ತೆನೆಯನ್ನು ಅಂಗೈಯಲ್ಲಿ ಹಿಡಿದಳು.

"ಛಲೋ ಬಂದಾವ."

"ಮೊದಲ ವರ್ಷ ನೀವು ಕೊಟ್ಟ ಬೀಜದ್ದೇರಿ ಅವ್ವಾ. ಆ ಕಡ ಇನ್ನಾ ಹಂಗೇ ಅದ," ಎಂದ ಉತ್ತಮ.

"ನಾ ಕೇಳೀನೇನು?"

ಮರುದಿನ ಹುಮನಾಬಾದಿನ ಕಚೇರಿಯಲ್ಲಿ ಅವಳ ಹೆಸರು ಕೂಗಿದರು. ಸಾಹೇಬರು ತಲೆಯೆತ್ತಿ ಕೇಳಿದರು: "ಉತ್ತಮ ನಿಮ್ಮಲ್ಲಿ ಆಳಾಗಿ ದುಡೀತಿದ್ದನೇನಮ್ಮ?"

ಬೆನ್ನ ಹಿಂದೆ ಕಾಶಿರಾಮ ಕೆಮ್ಮಿದ. ಗೋಡೆಗೆ ಒರಗಿ ನಿಂತ ಉತ್ತಮ ನೆಲ ನೋಡುತ್ತಿದ್ದ. ಯಶೋದಾಬಾಯಿ ಸೆರಗು ಎಳೆದುಕೊಂಡಳು. ಹೌದು ಎಂಬ ಒಂದು ಮಾತಿಗೆ ಆರು ಎಕರೆ ಉಳಿಯುತ್ತಿತ್ತು.

"ಆಳಿಗೆ ಯಾರಾದರೂ ಬೀಜ ಕಡ ಕೊಡತಾರೇನ್ರಿ ಸಾಹೇಬ್ರ? ಅಂವಗ ಕೊಟ್ಟಿದ್ದೆ. ಪಾಲಿನಾಂವ."

ವಕೀಲರು ಕಾಗದ ಮಡಚಿದರು. ಹೊರಗೆ ಬಂದಮೇಲೆ ಕಾಶಿರಾಮ, "ಖರೇ ಹೇಳಿದಿ. ಇನ್ನ ಅದನ್ನೇ ರೊಟ್ಟಿ ಮಾಡಿ ತಿನ್ನು," ಎಂದು ಬಸವಕಲ್ಯಾಣದ ಬಸ್ಸು ಹತ್ತಿದ. ತಿರುಗಿ ನೋಡಲಿಲ್ಲ.

ರಾಶಿ ಮುಗಿಯುವ ಹೊತ್ತಿಗೆ ಆದೇಶ ಬಂತು. ಹೊಲ ಉತ್ತಮನದು. ಅವಳಿಗೆ ಪರಿಹಾರ, ಅದೂ ಸರ್ಕಾರ ಕೊಟ್ಟಾಗ.

ಒಂದು ಮುಂಜಾನೆ ಉತ್ತಮ ಬುಟ್ಟಿ ಹೊತ್ತು ಬಂದ. ದೊಡ್ಡ ತೆನೆ ಆರಿಸಿ ಬಡಿದ ಜೋಳ, ಹುಳ ಹತ್ತದಂತೆ ಬೂದಿ ಕಲಸಿದ್ದು.

"ಕಡದ ಬೀಜ, ಅವ್ವಾ. ಇದೊಂದು ತೀರಸೂದು ಉಳಿದಿತ್ತು."

ಅವಳು ಬುಟ್ಟಿಯನ್ನು ಒಳಗೊಯ್ದು ಗಡಿಗೆಗೆ ಸುರಿದಳು. ಬುಟ್ಟಿಯ ಬುಡದಲ್ಲಿ ಒಂದು ಹಿಡಿ ಬಿಟ್ಟು ತಂದುಕೊಟ್ಟಳು.

"ಇನ್ನಾ ಕಾಳು ಅವ ಅಲ್ರಿ?"

"ಬರೀ ಬುಟ್ಟಿ ಹ್ಯಾಂಗ ಕೊಡಲಿ? ಒಯ್ಯಿ."

ಅವನು ಬುಟ್ಟಿ ಹೊತ್ತು ಹೋದ.

ಬೀಜದ ಜೋಳವನ್ನು ಅವಳ ಅತ್ತೆ ಬರಗಾಲದಲ್ಲಿಯೂ ಬೀಸಿದವಳಲ್ಲ. ಯಶೋದಾಬಾಯಿ ಗಡಿಗೆಯನ್ನು ಅಂಗಳಕ್ಕೆ ತಂದಳು. ಬಿತ್ತಲು ನೆಲವಿರಲಿಲ್ಲ. ಜೋಳವನ್ನು ಮೊರದಲ್ಲಿ ಹಾಕಿ ಕೇರಿದಳು, ಬೂದಿ ಹೋಗುವವರೆಗೆ ತೊಳೆದಳು, ಅಂಗಳದ ಬಿಸಿಲಿಗೆ ಹರವಿದಳು. ಸಂಜೆಗೆ ಬೀಸುವ ಕಲ್ಲಿಗೆ ಮೊದಲ ಹಿಡಿ ಹಾಕಿದಳು.