ಓಗೊಡಲಾರದ ಗೌರಿ

ನನ್ನ ತಾಯಿ ಕುದುರೆ, ತಂದೆ ಕತ್ತೆ. ನಾನು ಹೇಸರಗತ್ತೆ. ಬೆಳಗಾವಿಯ ದಂಡಿನ ಲಾಯದಲ್ಲಿ ಬೆಳೆದೆ. ಮೈ ತಿಕ್ಕಿ ಮೇವು ಹಾಕುತ್ತಿದ್ದ ಕೆಂಚಪ್ಪ ನನಗೆ ಗೌರಿ ಎಂದು ಹೆಸರಿಟ್ಟ. ಬೆಳಿಗ್ಗೆ ಅವನ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಅರಚುತ್ತಿದ್ದೆ. "ಬಂದ್ನೆವ್ವಾ, ಊರೆಲ್ಲಾ ಎಬ್ಬಸ್ಬ್ಯಾಡ" ಎನ್ನುತ್ತ ಬರುತ್ತಿದ್ದ.

ಎರಡನೆಯ ಮಹಾಯುದ್ಧ ಬಂತು. ಇಂಗ್ಲೆಂಡಿನ ಒಂದು ಪಟಾಲಮ್ಮು ಕಾಡಿನ ಕಾಳಗ ಕಲಿಯಲು ನಮ್ಮ ಕಡೆ ಬಂದು ಡೇರೆ ಹಾಕಿತು. ಅವರು ಪೂರಾ ಸಿಪಾಯಿಗಳಲ್ಲ. ಒಂದೇ ಊರಿನ ಬೇಕರಿಯವರು, ನೇಕಾರರು, ಗುಮಾಸ್ತರು. ಮೊದಲೆಲ್ಲ ಭಾನುವಾರ ಕವಾಯತು ಮಾಡಿ ಮನೆಗೆ ಹೋಗುತ್ತಿದ್ದವರು. ನನ್ನನ್ನು ವಿಲ್ಫ್ ಎಂಬವನಿಗೆ ಒಪ್ಪಿಸಿದರು. ಅವನು ಊರಲ್ಲಿ ಕುದುರೆಗಾಡಿಯಲ್ಲಿ ಹಾಲು ಹಂಚುತ್ತಿದ್ದನಂತೆ.

ಹಾಲಿನವನ ರೂಢಿ ಅವನನ್ನು ಬಿಡಲಿಲ್ಲ. ಅವನ ಕುದುರೆ ಪ್ರತಿ ಬಾಗಿಲಿಗೂ ತಾನೇ ನಿಲ್ಲುತ್ತಿತ್ತಂತೆ, ಬಾಟಲಿ ಇಟ್ಟು ಬಂದು ಕರೆದರೆ ಹೊರಡುತ್ತಿತ್ತಂತೆ. ನನಗೂ ಹಗ್ಗವಿಲ್ಲದೆ ಅದನ್ನೇ ಕಲಿಸಹೊರಟ. ಅವನ ಇಂಗ್ಲಿಷ್ ಕರೆಗೆ ನಾನು ಜಗ್ಗಲಿಲ್ಲ.

ಕೆಂಚಪ್ಪ ನಕ್ಕ. "ಸಾಹೇಬ್ರ, ಅಕಿ ನಮ್ಮೂರ ಹೆಣ್ಣು. ಬಾರವ್ವ ಅನ್ರಿ, ಬರ್ತಾಳ."

ವಿಲ್ಫ್ ಅದೇ ಮಾತನ್ನು ಗದರುವಂತೆ ಅಂದ.

"ಏ, ಹೊಟ್ಟಿನೋವು ಬಂದೋರಂಗ ಯಾಕ ಒದರ್ತೀರಿ? ಪ್ರೀತೀಲೆ ಅನ್ರಿ."

ಪ್ರೀತಿಯಿಂದ ಅಂದ. ಹೋದೆ.

ಬರ್ಮಾಕ್ಕೆ ಹೊರಡುವ ಮುಂಚೆ ದನದ ಡಾಕ್ಟರು ಬಂದು ಮದ್ದು ಕೊಟ್ಟು ನನ್ನನ್ನು ಮಲಗಿಸಿದರು. ಎದ್ದಾಗ ಗಂಟಲು ಉರಿಯುತ್ತಿತ್ತು. ಕೆಂಚಪ್ಪ ಬಂದಾಗ ಬಾಯಿ ತೆರೆದೆ, ಗಾಳಿಯಷ್ಟೇ ಬಂತು. ಕಾಡಿನಲ್ಲಿ ವೈರಿಗೆ ನಮ್ಮ ಅರಚಾಟ ಕೇಳಬಾರದೆಂದು ನಮ್ಮೆಲ್ಲರ ದನಿ ತೆಗೆದಿದ್ದರು. ಅವನು ನನ್ನ ಕೊರಳು ಹಿಡಿದು ನಿಂತ. "ಇನ್ನ ನನ್ನ ಯಾರ್ ಕರೀತಾರವ್ವಾ?" ಎಂದ. ಮತ್ತೆ ಅವನನ್ನು ನೋಡಲಿಲ್ಲ.

ಬರ್ಮಾದಲ್ಲಿ ಪಟಾಲಮ್ಮು ಒಂದು ನೀರಿಲ್ಲದ ಗುಡ್ಡದ ಮೇಲೆ ವೈರಿಗಳ ನಡುವೆ ಸಿಕ್ಕಿಬಿತ್ತು. ಹಳ್ಳದಿಂದ ನಾನು ಹೊತ್ತು ತರುವ ನೀರೇ ಅವರ ಜೀವ. ವಿಲ್ಫ್ ಒಂದೊಂದು ಕಂದಕದ ಬಳಿಯೂ ನನ್ನನ್ನು ನಿಲ್ಲಿಸಿ ಹಂಚುತ್ತಿದ್ದ.

"ಇವತ್ತು ಕೆನೆನೇ ಇಲ್ಲವಲ್ಲೋ" ಎಂದು ಕಂದಕದೊಳಗಿನ ಬೇಕರಿಯವನು ಕೆಣಕುತ್ತಿದ್ದ.

"ಮೊದಲು ಖಾಲಿ ಬಾಟಲಿ ತೊಳೆದಿಡು, ಸೋಮಾರಿ."

ಒಂದು ಬೆಳಿಗ್ಗೆ ದಟ್ಟ ಮಂಜು. ಬಿದಿರು ಮೆಳೆಯ ಪಕ್ಕ ನನ್ನನ್ನು ನಿಲ್ಲಿಸಿ, ಎಂದಿನಂತೆ ಕಟ್ಟದೆ, ವಿಲ್ಫ್ ಮುಂದಿನ ಕಂದಕಕ್ಕೆ ಹೋದ. ಹತ್ತಿರದಲ್ಲೇ ಬಾಂಬು ಸಿಡಿಯಿತು. ಬೆದರಿ ಮೆಳೆಯೊಳಗೆ ನುಗ್ಗಿದೆ. ನೀರಿನ ಹೊರೆ ಬಿದಿರಿಗೆ ಸಿಕ್ಕಿಕೊಂಡಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

ಅವನ ಬೂಟಿನ ಸದ್ದು ವಾಪಸು ಬಂತು. "ಬಾರವ್ವ" ಎಂದು ಪಿಸುಗುಟ್ಟಿದ. ಬಾಯಿ ತೆರೆದೆ. ಗಾಳಿ.

"ಸುಮ್ಮನಿರೋ, ಅವರಿಗೆ ಕೇಳುತ್ತೆ" ಎಂದ ಪಕ್ಕದ ಕಂದಕದಿಂದ ಬೇಕರಿಯವನು.

"ಎಲ್ಲರ ನೀರೂ ಅವಳ ಬೆನ್ನ ಮೇಲಿದೆಯಲ್ಲೋ."

ಇನ್ನೂ ದೊಡ್ಡದಾಗಿ, ಆದರೂ ಕೆಂಚಪ್ಪ ಹೇಳಿಕೊಟ್ಟ ಹಾಗೆ ಪ್ರೀತಿಯಿಂದಲೇ, "ಬಾರವ್ವ ಗೌರಿ!" ಎಂದ. ಗುಂಡು ಹಾರಿತು. ಮತ್ತೆ ಅವನು ಕರೆಯಲಿಲ್ಲ.

ಮಂಜು ಕರಗಿದ ಮೇಲೆ ಬೇಕರಿಯವನು ಬಿದಿರು ಕಡಿದು ನನ್ನನ್ನು ಬಿಡಿಸಿದ. ನೀರು ಎಲ್ಲರಿಗೂ ಸಿಕ್ಕಿತು. ಯಾರೂ ಕೆನೆಯ ಮಾತು ಎತ್ತಲಿಲ್ಲ.

ಯುದ್ಧ ಮುಗಿದು ಉಳಿದವರು ಹಡಗು ಹತ್ತಿದರು. ನನ್ನನ್ನು ಅಲ್ಲಿಯ ಹಳ್ಳಿಯ ಮುದುಕನೊಬ್ಬನಿಗೆ ಕೊಟ್ಟುಹೋದರು. ಒಳ್ಳೆಯವನು, ಅವನ ಮಾತು ಮಾತ್ರ ನನಗೆ ತಿಳಿಯದು. ಸೌದೆ ಹೊತ್ತು ಹೋಗುವಾಗ ಪ್ರತಿ ಬಾಗಿಲಿಗೂ ನಿಲ್ಲುತ್ತೇನೆ. ಬೈಯುತ್ತಾನೆ, ಕಾಯುತ್ತಾನೆ.

ಈಗ ಹಲ್ಲು ಉದುರಿವೆ. ಮಂಜು ಬಿದ್ದ ಬೆಳಿಗ್ಗೆ ಕೊಟ್ಟಿಗೆಯ ಬಾಗಿಲಲ್ಲಿ ಬಾಯಿ ತೆರೆದು ನಿಲ್ಲುತ್ತೇನೆ. ಮುದುಕ ಆಕಳಿಕೆ ಅಂದುಕೊಳ್ಳುತ್ತಾನೆ.