ಬಟ್ಟೆ ಬೇಯುತ್ತದೆ, ಬೆರಳಲ್ಲ

ಆಸ್ಪತ್ರೆಯ ಹಿಂಬದಿಯಲ್ಲಿ ಬಟ್ಟೆ ಒಗೆಯುವ ಕೋಣೆ. ವಾರ್ಡುಗಳಿಂದ ಬಂದ ಹಾಸುಗಳನ್ನು, ರಕ್ತ ಮೆತ್ತಿದ್ದು ಯಾವುದು, ಬರೀ ಬೆವರಿನದು ಯಾವುದು ಎಂದು ಹೆಂಗಸರು ಮೇಜಿನ ಮೇಲೆ ಕೊಡವಿ ಬೇರೆ ಮಾಡುತ್ತಾರೆ. ಆಮೇಲೆ ಅವು ಬಾಯ್ಲರಿಗೆ. ಬೆಳ್ಳಗಿನ ಹಾಸಿನ ಮೇಲೆ ಮಲಗುವವರಿಗೆ ಈ ಕೋಣೆ ಎಲ್ಲಿದೆ ಎಂಬುದೂ ಗೊತ್ತಿಲ್ಲ.

ಆ ಮೇಜಿಗೆ ಹಿರಿಯಳು ದೊಡ್ಡಕ್ಕ. ಹಾಸಿನ ಮಡಿಕೆಯಲ್ಲಿ ಉಳಿದ ಸೂಜಿ ಯಾರಿಗಾದರೂ ಚುಚ್ಚಿದರೆ ಅವಳ ಮದ್ದು ಒಂದೇ: ಬೆರಳು ಹಿಂಡು, ಬ್ಲೀಚ್ ನೀರಿಗೆ ಅದ್ದು, ಕೆಲಸ ನೋಡು. "ಇಡೀ ದಿನ ಕುದಿಯೋ ನೀರಿನ ಪಕ್ಕದಲ್ಲಿ ಇರೋರು ನಾವು. ನಮ್ಮ ಕೈಯಷ್ಟು ಚೊಕ್ಕಟ ಡಾಕ್ಟರ ಕೈಯೂ ಇಲ್ಲ ಕಣ್ರೇ!" ಅನ್ನುತ್ತಿದ್ದಳು.

ಒಂದು ದಿನ ನರ್ಸಮ್ಮ ಪರೀಕ್ಷೆಯ ಡಬ್ಬಿ ಹಿಡಿದು ಆ ಕೋಣೆಗೇ ಬಂದರು. ಎಲ್ಲರ ಬೆರಳಿನಿಂದ ಒಂದೊಂದು ಹನಿ ರಕ್ತ ತೆಗೆದರು. ಸಂಜೆ ದೊಡ್ಡಕ್ಕನೊಬ್ಬಳನ್ನೇ ಪಕ್ಕಕ್ಕೆ ಕರೆದರು. "ಹೆಪಟೈಟಿಸ್ ಸಿ ಅಂತ ಒಂದು ವೈರಸ್ ಇದೆ ಅಕ್ಕಾ, ಈಲಿ, ಅಂದ್ರೆ ಲಿವರ್ ತಿನ್ನುತ್ತೆ. ನಿಮ್ಮ ಪರೀಕ್ಷೆ ಪಾಸಿಟಿವ್ ಬಂದಿದೆ. ಇದೇ ಕೊನೆ ಮಾತಲ್ಲ, ಇನ್ನೊಂದು ಪರೀಕ್ಷೆ ಆಗ್ಬೇಕು."

ದೊಡ್ಡಕ್ಕನ ಕಿವಿಗೆ ಮೊದಲ ಮಾತಷ್ಟೇ ಬಿತ್ತು. ಮನೆಗೆ ಬಂದವಳೇ ತನ್ನ ತಟ್ಟೆ, ಲೋಟ ಬೇರೆ ಇಟ್ಟಳು. ಹೊಲಿಗೆ ಯಂತ್ರ ರಿಪೇರಿ ಮಾಡುವ ಗಂಡ ಎಲ್ಲವನ್ನೂ ಕೇಳಿಸಿಕೊಂಡು ತಲೆಯಾಡಿಸಿದ.

"ಜ್ವರ ಇಲ್ಲ, ನೋವಿಲ್ಲ. ಆನೆ ಹಾಗಿದ್ದೀಯ. ಸುಮ್ನಿರೋ ಯಂತ್ರ ಬಿಚ್ಚಬಾರದು ಕಣೇ. ನಿಮ್ಮ ಮೇಸ್ತ್ರಿ ಕಿವಿಗೆ ಬಿದ್ರೆ ಕೆಲಸಾನೂ ಹೋಗುತ್ತೆ."

"ಒಳಗೆ ಸವೆದ್ರೆ?"

"ಸವೆದ್ರೆ ಸದ್ದು ಮಾಡುತ್ತೆ."

ದೊಡ್ಡಕ್ಕ ಎರಡು ವಾರ ನರ್ಸಮ್ಮನ ಕಣ್ಣು ತಪ್ಪಿಸಿ ಓಡಾಡಿದಳು.

ಮೂರನೆಯ ವಾರ ಮೇಜಿನಾಚೆ ನಿಂತಿದ್ದ ಕನ್ನಡಕದವಳು "ಅಯ್ಯೋ!" ಅಂದಳು. ಸೂಜಿ. ಅವಳು ನಗುತ್ತಲೇ ಬೆರಳು ಹಿಂಡಿ, ಬ್ಲೀಚಿನ ಬಕೆಟ್ಟಿನತ್ತ ಬಾಗಿದಳು. "ಗಾಬರಿ ಯಾಕೆ ದೊಡ್ಡಕ್ಕಾ? ನೀವೇ ಕಲಿಸಿದ ಮದ್ದಲ್ವಾ?"

ದೊಡ್ಡಕ್ಕ ಬಕೆಟ್ಟನ್ನು ಕಾಲಿನಿಂದ ಆಚೆ ತಳ್ಳಿದಳು. ತಾನು ಬಾಯಿ ಮುಚ್ಚಿಕೊಂಡಿದ್ದರೆ ಮುಳುಗುವುದು ತಾನೊಬ್ಬಳೇ ಅಲ್ಲ. ಕನ್ನಡಕದವಳ ರಟ್ಟೆ ಹಿಡಿದು ಸೀದಾ ನರ್ಸಮ್ಮನ ಕೋಣೆಗೆ ಎಳೆದುಕೊಂಡು ಹೋದಳು.

ನರ್ಸಮ್ಮ ಆ ಬೆರಳನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆಸಿದರು. "ಹಿಂಡಬೇಡಿ, ಬ್ಲೀಚ್ ಬೇಡವೇ ಬೇಡ. ಚುಚ್ಚಿದ ಕೂಡಲೇ ಇಲ್ಲಿಗೆ ಬನ್ನಿ. ಕೆಲವು ಸೋಂಕಿಗೆ ಗಂಟೆಗಳೊಳಗೆ ಔಷಧ ಶುರು ಮಾಡ್ಬೇಕಾಗುತ್ತೆ," ಎನ್ನುತ್ತಾ ಅವಳ ರಕ್ತವನ್ನೂ ಪರೀಕ್ಷೆಗೆ ತೆಗೆದುಕೊಂಡರು.

"ಎಲ್ಲಾ ಬಾಯ್ಲರಲ್ಲಿ ಬೇಯುತ್ತಲ್ವಾ ನರ್ಸಮ್ಮಾ?" ದೊಡ್ಡಕ್ಕ ಕೇಳಿದಳು.

"ಬಟ್ಟೆ ಬೇಯುತ್ತೆ ಅಕ್ಕಾ. ನಿಮ್ಮ ಬೆರಳು ಬೇಯುತ್ತಾ? ಬಾಯ್ಲರಿಗೆ ಹೋಗೋ ಮುಂಚೆ ಆ ಬಟ್ಟೆ ಯಾರ ಕೈಯಲ್ಲಿರುತ್ತೆ?"

ದೊಡ್ಡಕ್ಕ ತನ್ನ ಎರಡೂ ಕೈ ನೋಡಿಕೊಂಡಳು. ಆಮೇಲೆ ಕುರ್ಚಿ ಎಳೆದುಕೊಂಡು ಗಟ್ಟಿಯಾಗಿ ಕೂತಳು. "ಈಗ ಎಲ್ಲಾ ಬಿಡಿಸಿ ಹೇಳಿ. ನನಗೆ ಅರ್ಥ ಆಗೋವರೆಗೂ ಏಳಲ್ಲ."

"ವೈರಸ್ ಯಾವಾಗಲೋ ಮೈಗೆ ಹೊಕ್ಕಿತ್ತು ಅಂತಷ್ಟೇ ಮೊದಲನೇ ಪರೀಕ್ಷೆ ಹೇಳುತ್ತೆ. ಕೆಲವರಲ್ಲಿ ಅದು ತಾನಾಗೇ ಹೋಗಿರುತ್ತೆ. ಈಗಲೂ ರಕ್ತದಲ್ಲಿ ಇದೆಯಾ ಅನ್ನೋದು ಎರಡನೇ ಪರೀಕ್ಷೆಗೇ ಗೊತ್ತಾಗೋದು."

"ಇದ್ರೆ?"

"ಮಾತ್ರೆ ಇದೆ. ಸಾಮಾನ್ಯವಾಗಿ ಎರಡು ಮೂರು ತಿಂಗಳು. ನೂರು ಜನರಲ್ಲಿ ತೊಂಬತ್ತೈದು ಜನರಿಗಾದರೂ ಪೂರ್ತಿ ವಾಸಿಯಾಗುತ್ತೆ."

"ನಾನು ತಟ್ಟೆ ಲೋಟ ಬೇರೆ ಇಟ್ಟಿದ್ದೀನಿ…"

"ಇವತ್ತೇ ಒಳಗಿಡಿ. ಇದು ಎಂಜಲಿಂದ ಬರಲ್ಲ, ಮುಟ್ಟಿದ್ರೂ ಬರಲ್ಲ. ರಕ್ತದಿಂದ ಬರುತ್ತೆ. ಬ್ಲೇಡು, ಉಗುರು ಕತ್ತರಿ, ಹಲ್ಲುಜ್ಜೋ ಬ್ರಷ್ಷು, ಇವಿಷ್ಟು ಮಾತ್ರ ಬೇರೆ ಇರಲಿ."

ದೊಡ್ಡಕ್ಕ ಅವತ್ತೇ ಎರಡನೆಯ ಪರೀಕ್ಷೆಗೆ ತೋಳು ಚಾಚಿದಳು. ಎರಡನೆಯ ಪರೀಕ್ಷೆಯಲ್ಲಿ ವೈರಸ್ ಇತ್ತು. ಈಲಿ ಎಷ್ಟು ಗಟ್ಟಿಯಾಗಿದೆ ಎಂದು ಸ್ಕ್ಯಾನ್ ಮಾಡಿದರು. ಹೆಪಟೈಟಿಸ್ ಬಿ ಇದೆಯೇ ಎಂದೂ ನೋಡಿದರು, ಅದು ಇರಲಿಲ್ಲ. ಡಾಕ್ಟರ ಮುಂದೆ ಗಂಡ ಹೆಂಡತಿ ಜೊತೆಗೆ ಕೂತರು.

"ಬೇರೆ ಯಾವ ಔಷಧ ತಗೋತೀರಿ?" ಡಾಕ್ಟರು ಕೇಳಿದರು.

"ರಕ್ತದೊತ್ತಡದ ಮಾತ್ರೆ. ಆಮೇಲೆ… ಈಲಿಗೆ ಒಳ್ಳೇದು ಅಂತ ಇವರ ಗೆಳೆಯ ಕೊಟ್ಟ ಒಂದು ಪುಡಿ."

ಗಂಡ ಕಿಟಕಿಯಾಚೆ ನೋಡತೊಡಗಿದ.

"ಪುಡಿ ಇವತ್ತೇ ನಿಲ್ಲಿಸಿ, ಅದರಿಂದಲೇ ಈಲಿ ಕೆಡಬಹುದು. ಒತ್ತಡದ ಮಾತ್ರೆ ಇದಕ್ಕೆ ಹೊಂದುತ್ತಾ ನೋಡಿ ಬರೆದುಕೊಡ್ತೀನಿ."

"ಸ್ವಲ್ಪ ಕಾಲ ಕಾದು ನೋಡಿದ್ರೆ ಆಗಲ್ವಾ ಡಾಕ್ಟ್ರೇ? ನೋವೇ ಇಲ್ವಲ್ಲ ಇವಳಿಗೆ," ಗಂಡ ಮೆಲ್ಲಗೆ ಕೇಳಿದ.

"ಈಲಿ ಸದ್ದು ಮಾಡೋ ಹೊತ್ತಿಗೆ ಮುಕ್ಕಾಲು ಕೆಟ್ಟಿರುತ್ತೆ. ಇವರದು ಈಗಿನ್ನೂ ಚೆನ್ನಾಗಿದೆ. ತೀರ್ಮಾನ ಇವರದು."

ದೊಡ್ಡಕ್ಕ ಗಂಡನ ಮುಖ ನೋಡಲಿಲ್ಲ. "ಇವತ್ತೇ ಬರೀರಿ. ಒಂದು ದಿನಾನೂ ತಪ್ಪಿಸಲ್ಲ."

ಗಂಡ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಆಮೇಲೆ ಅಂಗಿಯ ತೋಳು ಮೇಲಕ್ಕೆ ಸರಿಸಿ, "ನನ್ನ ರಕ್ತಾನೂ ನೋಡಿಬಿಡಿ," ಅಂದ.

ಮರುದಿನ ಬಟ್ಟೆ ಕೋಣೆಯಲ್ಲಿ ದೊಡ್ಡಕ್ಕನೇ ಎಲ್ಲರೆದುರು ಸುದ್ದಿ ಹೇಳಿದಳು. ಮೇಸ್ತ್ರಿ ಹೌಹಾರಿದ. "ರೋಗ ಇಟ್ಕೊಂಡು ಆಸ್ಪತ್ರೆ ಬಟ್ಟೆ ಮುಟ್ತೀಯಾ?"

"ಬಟ್ಟೆಗೆ ರೋಗ ನಾನು ಕೊಡಲಿಲ್ಲ ಮೇಸ್ತ್ರಿ. ಬಟ್ಟೇಲಿ ಸೂಜಿ ಬಿಟ್ಟೋರು ನನಗೆ ಕೊಟ್ರು. ಮುಚ್ಚಿಡೋಕೆ ನಾನೇನು ಕಳ್ಳತನ ಮಾಡಿಲ್ಲ. ನಮಗೆಲ್ಲ ದಪ್ಪ ಕೈಗವಸು ಬೇಕು. ಸೂಜಿ ಹಾಕೋಕೆ ಗಟ್ಟಿ ಡಬ್ಬಿ ಬೇಕು. ಅಲ್ಲಿವರೆಗೆ ಈ ಬಟ್ಟೆ ಗಂಟು ಬಿಚ್ಚಲ್ಲ."

ಕನ್ನಡಕದವಳು ಮೇಜಿನಿಂದ ಹಿಂದೆ ಸರಿದು ಕೈಕಟ್ಟಿ ನಿಂತಳು. ಒಬ್ಬೊಬ್ಬರಾಗಿ ಎಲ್ಲರೂ ನಿಂತರು. ಗಂಟುಗಳು ಬಾಗಿಲ ತನಕ ಬೆಳೆದವು. ವಾರ್ಡುಗಳಲ್ಲಿ ಹಾಸು ತೀರಿತು. ಮಧ್ಯಾಹ್ನದೊಳಗೆ ಕೈಗವಸು ಬಂತು, ಡಬ್ಬಿಯೂ ಬಂತು.

ಮಾತ್ರೆ ಮುಗಿದು ಮೂರು ತಿಂಗಳಾದ ಮೇಲೆ ಮತ್ತೆ ರಕ್ತ ಪರೀಕ್ಷೆ ಆಯಿತು. ವೈರಸ್ ಇರಲಿಲ್ಲ. ಗಂಡನಿಗೂ ಕನ್ನಡಕದವಳಿಗೂ ಅದು ತಗಲಿರಲಿಲ್ಲ.

ಓದುತ್ತಿರುವ ಅಕ್ಕ, ಅಣ್ಣ, ನಿಮಗೂ ಎಂದಾದರೂ ಬಳಸಿದ ಸೂಜಿ ಚುಚ್ಚಿರಬಹುದು. ಬೇರೆಯವರ ಬ್ಲೇಡು ತಾಗಿರಬಹುದು. ಬೇರೆಯವರಿಗೆ ಬಳಸಿದ ಸೂಜಿಯಲ್ಲಿ ಹಚ್ಚೆ ಹಾಕಿಸಿಕೊಂಡಿರಬಹುದು, ಹಿಂದೆಂದೋ ರಕ್ತ ಹಾಕಿಸಿಕೊಂಡಿರಬಹುದು. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ. ವಾಸಿಯಾದವರಿಗೂ ಮತ್ತೆ ತಗಲಬಹುದು. ಆದರೆ ಪರೀಕ್ಷೆ ಇದೆ, ಮಾತ್ರೆ ಇದೆ. ಹತ್ತಿರದ ಆಸ್ಪತ್ರೆಗೆ ಹೋಗಿ. ಮೊದಲ ಪರೀಕ್ಷೆಗೇ ಎದೆಗುಂದಬೇಡಿ, ಎರಡನೆಯದನ್ನು ಕೇಳಿ. ನಾಳೆ ಬನ್ನಿ ಅಂದರೆ ನಾಳೆ ಹೋಗಿ ಕೇಳಿ. ಇದು ಯಾರೂ ನಿಮಗೆ ಹಾಕುವ ಭಿಕ್ಷೆಯಲ್ಲ. ನಿಮ್ಮ ರಕ್ತದ ಸುದ್ದಿ ಮೊದಲು ತಿಳಿಯಬೇಕಾದ್ದು ನಿಮಗೆ.