ತಲೆಕೆಳಗಾದ ಹೆಸರು

ತೊಸೆ ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ಗಂಡ ತೀರಿಹೋದ ಮೇಲೆ ಕನಜಾವಾ ಊರಿನ ಆ ಸಮುರಾಯಿ ಮನೆಯನ್ನು ಅವಳು ನಡೆಸಿದ್ದು ಹಾಗೆಯೇ, ಮತ್ತು ಚೆನ್ನಾಗಿಯೇ ನಡೆಸಿದ್ದಳು. ಗಂಡುಮಕ್ಕಳಿಲ್ಲದ ಮನೆಗೆ ಅಳಿಯನನ್ನು ಹುಡುಕಿ ಮಗನಾಗಿ ದತ್ತು ತಂದವಳೂ ಅವಳೇ. ಅಳಿಯ ಕ್ಯೂಮ ಬುದ್ಧಿವಂತ, ಮೆಲುಮಾತಿನವನು, ಆದರೆ ಕುಳ್ಳ. ಮನೆತನದ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಒರೆಯ ತುದಿ ನೆಲ ಗುಡಿಸುತ್ತಿತ್ತು.

ಹಿಮ ಕರಗಿದೊಡನೆ ಅದೇ ಕತ್ತಿಯೊಂದಿಗೆ ಅವನು ಕೋಟೆಗೆ ಹೋಗಿ ಪ್ರಭುವಿನ ಮುಂದೆ ತಲೆಬಾಗಬೇಕು. ಆಗಲೇ ಮಾವನ ಹುದ್ದೆ ಅವನದು. ಅದಕ್ಕೆ ಮೊದಲು ಕೋಟೆಯ ಪರೀಕ್ಷಕರು ಮನೆಗೆ ಬಂದು ಕತ್ತಿ ನೋಡಿಹೋಗುವುದು ವಾಡಿಕೆ. ನೆಲ ಗುಡಿಸುವ ಕತ್ತಿಯನ್ನು ಕಂಡು ಯಾರಾದರೂ ಕಿಸಕ್ಕೆಂದರೆ ತೊಸೆ ಸಹಿಸುವವಳೇ? ಗಿಡ್ಡ ಮಾಡಿಸುವುದೆಂದು ತೀರ್ಮಾನಿಸಿದಳು.

ಗಿಡ್ಡ ಮಾಡುವುದೆಂದರೆ ಅಲಗಿನ ಮೊನೆಯನ್ನು ಮುಟ್ಟುವುದಲ್ಲ. ಹಿಡಿಯೊಳಗೆ ಅಡಗಿರುವ ಕತ್ತಿಯ ಬಾಲವನ್ನು ಕತ್ತರಿಸುವುದು. ತೊಡಕಿದ್ದದ್ದೂ ಅಲ್ಲೇ. ಮುನ್ನೂರು ವರ್ಷದ ಹಿಂದೆ ಅದನ್ನು ಬಡಿದ ಕಮ್ಮಾರ ತೊಮೊಹಿರೊ ತನ್ನ ಹೆಸರು ಕೊರೆದಿದ್ದು ಆ ಬಾಲದ ಮೇಲೆ.

"ಹೆಸ್ರು ಹೋಗ್ಬಾರ್ದು," ಎಂದಳು ತೊಸೆ, ಕತ್ತಿ ಕೆಲಸದ ಗೊನ್ರೊಕುವನ್ನು ಕರೆಸಿ.

"ಅದ್ಯಾಕ್ ಹೋಗುತ್ತೆ ಅಮ್ಮಾವ್ರೇ? ಹೆಸ್ರಿರೋ ಪಟ್ಟೀನ ತೆಳ್ಳಗೆ ಉಳಿಸ್ಕೊಂಡು ಹಿಂದಕ್ಕೆ ಮಡಚ್ತೀನಿ. ಆ ಕಡೆ ಗುಳಿ ತೋಡಿ ಕೂರಿಸ್ಬಿಡ್ತೀನಿ. ಈ ಊರಲ್ಲಿ ಮುರೀದಂಗೆ ಮಡಚೋನು ನಾನೊಬ್ನೇ."

ಬಾಯಿಬಡುಕನಾದರೂ ಆಡಿದಂತೆಯೇ ಮಾಡಿ ತಂದ. ತೊಸೆ ಬಾಲವನ್ನು ಬೆಳಕಿಗೆ ಹಿಡಿದು ನೋಡಿದಳು. ಹೆಸರೇನೋ ಇತ್ತು, ಆದರೆ ತಲೆಕೆಳಗಾಗಿ. ಬದುಕಿರುವವರ ಮನೆಯಲ್ಲಿ ಯಾವುದನ್ನೂ ತಲೆಕೆಳಗು ಮಾಡುವುದಿಲ್ಲ. ಹೆಣದ ತಲೆದೆಸೆಯಲ್ಲಿ ಮಾತ್ರ ಮಡಚುವ ಪರದೆಯನ್ನು ಬುಡಮೇಲಾಗಿ ನಿಲ್ಲಿಸುತ್ತಾರೆ. ಗಂಡನ ತಲೆದೆಸೆಯಲ್ಲಿ ಅವಳೇ ತನ್ನ ಕೈಯಾರೆ ನಿಲ್ಲಿಸಿದ್ದಳು.

"ಏನೋ ಇದು? ಬದುಕಿ ಬಾಳ್ಬೇಕಾದ ಹುಡುಗನ ಸೊಂಟಕ್ಕೆ ಸಾವಿನ ಗುರುತು ಕಟ್ತಿದ್ದೀಯಾ?"

"ಮಡಚಿದ್ರೆ ತಲೆಕೆಳಗೇ ಆಗೋದು ಅಮ್ಮಾವ್ರೇ. ಇನ್ನೇನಾಗುತ್ತೆ?"

"ಕಿತ್ತು ನೆಟ್ಟಗೆ ಕೂರಿಸು."

"ಮೈಯಿಂದ ಕಿತ್ಮೇಲೆ ಅದು ಈ ಕತ್ತೀದೇ ಹೆಸ್ರು ಅಂತ ಯಾರು ನಂಬ್ತಾರೆ? ನಾನಂತೂ ಮುಟ್ಟಲ್ಲ."

"ಅತ್ತೆ, ಅವ್ನು ಹೇಳೋದನ್ನ ಒಂಚೂರು ಕೇಳೋಣ್ವಾ?" ಎಂದ ಕ್ಯೂಮ.

"ನೀನು ಸುಮ್ನಿರಪ್ಪ. ನೀನು ಇನ್ನೊಂದು ಗೇಣು ಬೆಳೆದಿದ್ರೆ ಈ ತಾಪತ್ರಯಾನೇ ಇರ್ತಿರ್ಲಿಲ್ಲ." ಆಮೇಲೆ ಗೊನ್ರೊಕುವಿನತ್ತ ತಿರುಗಿ, "ನೀನಲ್ದೇ ಹೋದ್ರೆ ಊರಲ್ಲಿ ಕತ್ತರಿಸೋರಿಗೆ ಬರವಾ?" ಎಂದಳು.

ಬರವಿರಲಿಲ್ಲ. ಸೇತುವೆಯಾಚೆಯ ಇನ್ನೊಬ್ಬ ಕೆಲಸಗಾರ ತುಟಿಪಿಟಕ್ಕೆನ್ನದೆ ಮಡಚಿದ ಪಟ್ಟಿಯನ್ನು ಕತ್ತರಿಸಿ, ಹೆಸರಿನ ತುಂಡನ್ನು ತಿರುಗಿಸಿ ನೆಟ್ಟಗೆ ಕೂರಿಸಿಕೊಟ್ಟ. ಅಳಿಯನ ಆಯುಸ್ಸನ್ನು ತಾನೇ ಕಾಪಾಡಿದೆನೆಂದು ತೊಸೆಗೆ ಹಿಗ್ಗೋ ಹಿಗ್ಗು. ಆ ಹಿಗ್ಗಿನಲ್ಲಿ ಕಪಟವಿರಲಿಲ್ಲ. ಹುಡುಗನನ್ನು ಅವಳು ಬೈಯುತ್ತಲೇ ಪ್ರೀತಿಸುತ್ತಿದ್ದಳು.

ಪರೀಕ್ಷಕ ನಿವಾ ಬಂದವರು ಮೊದಲು ಅಲಗು ನೋಡಿದರು. ಉಸಿರು ತಾಗದಂತೆ ಬಾಯಿಗೆ ಕಾಗದ ಕಚ್ಚಿಕೊಂಡು ಬಹಳ ಹೊತ್ತು ನೋಡಿ, ತೃಪ್ತಿಯಿಂದ ತಲೆದೂಗಿದರು. ಬಳಿಕ ಹಿಡಿಯನ್ನು ಬಿಗಿದಿದ್ದ ಪುಟ್ಟ ಗೂಟ ತೆಗೆದು, ಹಿಡಿ ಕಳಚಿ, ಬಾಲ ನೋಡಿದರು. ತಲೆದೂಗುವುದು ನಿಂತಿತು.

"ಕೆಲ್ಸ ನಾಜೂಕಾಗಿದೆ," ಎಂದರು ಕಾಗದ ತೆಗೆದು. "ಹೆಸರು ಯಾವ ಕತ್ತೀದು?"

ಕ್ಯೂಮ ಬಾಯಿ ತೆರೆಯುವ ಮೊದಲೇ ತೊಸೆ ಎಲ್ಲವನ್ನೂ ಹೇಳಿದಳು. ಮಡಚಿಸಿದ್ದು, ಹೆದರಿದ್ದು, ಕೀಳಿಸಿದ್ದು, ಒಂದನ್ನೂ ಮುಚ್ಚಿಡಲಿಲ್ಲ.

"ನಾನು ನಂಬ್ತೀನಿ ತಾಯಿ," ಎಂದರು ನಿವಾ. "ಆದ್ರೆ ಕೋಟೇಲಿ ನೀವಿರಲ್ಲ, ಕತ್ತಿ ಮಾತ್ರ ಇರುತ್ತೆ. ತಲೆಕೆಳಗಾದ ಹೆಸರು ಮೈಗಂಟ್ಕೊಂಡೇ ಬಂದಿದ್ದು ಅಂತ ನೋಡಿದೋರಿಗೆಲ್ಲ ಗೊತ್ತಾಗುತ್ತೆ. ನೆಟ್ಟಗಿರೋ ತುಂಡು ಎಲ್ಲಿಂದ ಬೇಕಾದ್ರೂ ಬಂದಿರ್ಬೋದು. ಕಳ್ಳ ಹೆಸರಿನ ಕತ್ತಿ ತಂದ ಅನ್ನೋ ಅಪವಾದ ನಿಮ್ಮಳಿಯನ ಮೇಲೆ ಬರುತ್ತೆ. ಹುದ್ದೆಯಿರಲಿ, ಮನೆಯೂ ಉಳಿಯಲ್ಲ."

"ದಾರಿ?"

"ಆ ತುಂಡನ್ನ ತೆಗೆದ್ಬಿಡೋದು. ಹೆಸರಿಲ್ಲದ ಒಳ್ಳೇ ಕತ್ತಿಗಳು ಬೇಕಾದಷ್ಟಿವೆ. ಅಲಗು ಚೊಕ್ಕವಾಗಿದೆ, ಹಾಗಂತ ನಾನು ಬರೀತೀನಿ. ಆದ್ರೆ ತೊಮೊಹಿರೊ ಕತ್ತಿ ನಮ್ಮನೇಲಿದೆ ಅಂತ ಇನ್ಮೇಲೆ ನೀವು ಹೇಳ್ಕೊಳ್ಳೋ ಹಾಗಿಲ್ಲ."

ಗಂಡ, ಮಾವ, ಮಾವನ ಅಪ್ಪ, ಎಲ್ಲರೂ ಹೇಳಿಕೊಂಡು ಮೆರೆದ ಹೆಸರು. ನಾಚಿಕೆಯಿಂದ ತೊಸೆಯ ಮುಖ ಬೆಂಕಿಯಾಯಿತು.

"ತೆಗೀಲಿ ಬಿಡಿ ಅತ್ತೆ," ಎಂದ ಕ್ಯೂಮ. "ನಾನೂ ಹುಟ್ಟಿದಾಗಿನ ಹೆಸ್ರು ಕಳಚಿಟ್ಟೇ ಈ ಹೊಸ್ತಿಲು ದಾಟಿದ್ದು. ಮೊದಮೊದ್ಲು ಕ್ಯೂಮ ಅಂದ್ರೆ ಯಾರೋ ಇನ್ನೊಬ್ರನ್ನ ಕರೆದ ಹಾಗಾಗ್ತಿತ್ತು. ಬದುಕೋಕೇನೂ ತೊಂದ್ರೆ ಆಗ್ಲಿಲ್ಲ."

ಅವನ ಮಾತಿನಲ್ಲಿ ದೂರಿರಲಿಲ್ಲ. ಕ್ಯೂಮ ಎಂಬುದು ತೊಸೆಯ ಗಂಡನ ಹೆಸರು. ದತ್ತು ಬಂದ ದಿನವೇ ಅಳಿಯನಿಗೆ ಅದನ್ನಿಟ್ಟವಳು ಅವಳು. ಅದೊಂದು ದೊಡ್ಡ ಉಡುಗೊರೆಯೆಂದೇ ಇಷ್ಟು ಕಾಲವೂ ತಿಳಿದಿದ್ದಳು.

"ತೆಗೀರಿ," ಎಂದಳು ನಿವಾ ಅವರಿಗೆ. ದನಿ ಎಂದಿನಂತೆ ಗಟ್ಟಿಯಾಗಿತ್ತು. ಆಮೇಲೆ ಅಳಿಯನ ಕಡೆ ತಿರುಗಿದಳು.

"ನಿಮ್ಮಪ್ಪ ಅಮ್ಮ ಇಟ್ಟಿದ್ದ ಹೆಸ್ರು ಏನಪ್ಪಾ? ಮದ್ವೆ ಮಾತಾಡ್ವಾಗ ಕೇಳಿದ್ದೆ. ಮರ್ತೇಬಿಟ್ಟಿದ್ದೀನಿ."

ಅವನು ಎರಡು ಸಲ ಗಂಟಲು ಸರಿಮಾಡಿಕೊಂಡ.

"ಸೆಂಜೂರೊ," ಎಂದ.